ಮಳೆಗಾಲಕ್ಕೆ ಕೀ ಕೊಡುವ ವಾಚು: ಯಾವುದು ತಗೊಳ್ಳಲಿ, ಹೇಗೆ ಉಳಿಸಿಕೊಳ್ಳಲಿ?

ಸಿದ್ದಾಪುರದ ರೈಟರ್:
ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಬೆಳಿಗ್ಗೆ ಹಾಜರಿ ಕೂಗುವುದರಿಂದ ಸಂಜೆ ತನಕ ಕೈಯಲ್ಲಿ ವಾಚು ಇರಲೇಬೇಕು, ಮಳೆಯಲ್ಲಿ ಮೊಬೈಲ್ ಹೊರಗೆ ತೆಗೆಯುವ ಹಾಗಿಲ್ಲ. ಅಪ್ಪನ ಎಚ್‌ಎಂಟಿ ಜನತಾ ಕಟ್ಟುತ್ತಿದ್ದೆ. ಹೋದ ಜುಲೈಯಲ್ಲಿ ಗಾಜಿನ ಒಳಗೆ ಮಂಜು ಕಟ್ಟಿತು, ಎರಡು ದಿನಕ್ಕೆ ನಿಂತಿತು. ಹಾಗೇ ಎತ್ತಿಟ್ಟಿದ್ದೇನೆ. ಈಗ ನನ್ನ ಮುಂದೆ ಮೂರು ದಾರಿ ಇದೆ. ಅದನ್ನೇ ರಿಪೇರಿ ಮಾಡಿಸುವುದು, ಆನ್‌ಲೈನಿನಲ್ಲಿ ಕಡಿಮೆಗೆ ಸಿಗುವ “ಹೊಸದರಂತೆ ಮಾಡಿದ” ಜನತಾ ತರಿಸುವುದು, ಇಲ್ಲ ಹತ್ತು ಸಾವಿರದೊಳಗೆ, ಕೈ ಆಡಿದ ಹಾಗೆ ತಾನೇ ಕೀ ತುಂಬಿಕೊಳ್ಳುವ ಒಂದು ಆಟೋಮ್ಯಾಟಿಕ್ ತಗೊಳ್ಳುವುದು. ಸೆಲ್ಲಿನ ವಾಚು ಬೇಡ. ಮಳೆಗಾಲದಲ್ಲಿ ಕಾಪಾಡುವ ಉಪಾಯವನ್ನೂ ಹೇಳಿ.

ಹಳೆವಾಚು ಗೋಣಿಕೊಪ್ಪ:
ಆನ್‌ಲೈನ್ ಜನತಾ ಬೇಡವೇ ಬೇಡ. ಕಿತ್ತಳೆ, ಗಿಳಿಹಸಿರು, ನೇರಳೆ ಡಯಲ್ ಹಾಕಿ ಮಾರುತ್ತಾರಲ್ಲ, ಅವೆಲ್ಲ ಹಳೆಯ ಡಯಲ್ ಕೆರೆದು ಮತ್ತೆ ಬಣ್ಣ ಹೊಡೆದವು. ಭೂತಗನ್ನಡಿ ಹಿಡಿದು ನೋಡಿ, ಅಕ್ಷರದ ಅಂಚು ಹರಡಿರುತ್ತೆ. ಒಳಗೆ ನಾಲ್ಕು ವಾಚಿನ ಸಾಮಾನು ಸೇರಿಸಿ ಒಂದು ಮಾಡಿರುತ್ತಾರೆ. ನಿಮ್ಮ ಅಪ್ಪನದ್ದು ಅಸಲಿ, ಅದನ್ನು ಸರ್ವಿಸ್ ಮಾಡಿಸಿ. 17 ಜ್ಯುವೆಲ್ಸ್ (ಚಕ್ರದ ಮೊನೆ ಸವೆಯದಂತೆ ಕೂರಿಸುವ ಕಲ್ಲುಗಳು), ಗಂಟೆಗೆ 18,000 ಬಡಿತ, ಸರಳ ಮಿಷಿನ್, ಕೈ ಪಳಗಿದ ಯಾವ ರಿಪೇರಿಯವರಾದರೂ ಬಿಚ್ಚಿ ಜೋಡಿಸುತ್ತಾರೆ. ಆದರೆ ಅದನ್ನು ಮಳೆಗೆ ಕಟ್ಟಬೇಡಿ. ಡಯಲ್ ಮೇಲೆ ‘ಪ್ಯಾರಾ ಶಾಕ್’ ಅಂತ ಇರುವುದು ಕೆಳಗೆ ಬಿದ್ದಾಗ, ಅತ್ತಿತ್ತ ಆಡಿ ಹೊತ್ತು ಅಳೆಯುವ ಬ್ಯಾಲೆನ್ಸ್ ಚಕ್ರದ ಮೊನೆ ಮುರಿಯದಿರಲಿ ಅಂತ. ನೀರಿಗೂ ಅದಕ್ಕೂ ಸಂಬಂಧ ಇಲ್ಲ.

ಮಾಜಿ ಸುಬೇದಾರ್:
“ಮಳೆಗೆ ಕಟ್ಟಬೇಡಿ” ಅಂದರೆ ಏನರ್ಥ? ನಾನು ಸೇನೆಯಲ್ಲಿದ್ದಷ್ಟು ಕಾಲ ಎಚ್‌ಎಂಟಿಯನ್ನೇ ಕಟ್ಟಿದ್ದೇನೆ. ಈಶಾನ್ಯದ ಮಳೆ ಕಂಡಿದ್ದೇನೆ, ಊರಿಗೆ ಬಂದಾಗ ಭಾಗಮಂಡಲದ ಮಳೆ ಕಂಡಿದ್ದೇನೆ. ಒಂದು ದಿನ ನಿಂತಿಲ್ಲ. ವಾಚು ಕೆಡುವುದು ಮಳೆಯಿಂದ ಅಲ್ಲ, ಅಶಿಸ್ತಿನಿಂದ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಬೇಕು. ನಮ್ಮ ದೇಶದ ವಾಚು ಬಿಟ್ಟು ಜಪಾನಿನದ್ದಕ್ಕೆ ಯಾಕೆ ಹೋಗಬೇಕು?

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಸುಬೇದಾರ್ ಸಾರ್, “ನಮ್ಮ ದೇಶದ ವಾಚು” ಅಂತೀರಿ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಗಿದ್ದೇ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ. ಜನತಾದ ಮಿಷಿನ್ ಮೂಲದಲ್ಲಿ ಸಿಟಿಜನ್ನಿನದೇ.

ಮಾಜಿ ಸುಬೇದಾರ್:
ಕಲಿತದ್ದು ಜಪಾನಿನವರಿಂದ. ಮಾಡಿದ್ದು ಬೆಂಗಳೂರು, ತುಮಕೂರಿನ ನಮ್ಮ ಜನ. ಆ ಕೆಲಸಗಾರರ ಕೈಯನ್ನು ಕಡಿಮೆ ಮಾಡಿ ಮಾತಾಡಬೇಡಿ. 2016ರಲ್ಲಿ ಮುಚ್ಚಲು ತೀರ್ಮಾನವಾದಾಗ ನನಗೆ ಮನೆಯಲ್ಲೇ ಒಬ್ಬರು ಹೋದ ಹಾಗಾಯಿತು.

ಪೊನ್ನಂಪೇಟೆ ಅಕ್ಕ:
ರೈಟರ್ ತಮ್ಮಾ, ಇವರ ಜಗಳ ಇರಲಿ. ಮಂಜು ಕಟ್ಟಿದ ದಿನವೇ ವಾಚನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರೆ ನಿಲ್ಲುತ್ತಿರಲಿಲ್ಲ. ನಮ್ಮ ಮಾವನವರ ಫೇವರ್ ಲ್ಯೂಬಾ ವಾಚು ಹಾಗೇ ಉಳಿದದ್ದು. ಜೂನಿನಿಂದ ಸೆಪ್ಟೆಂಬರ್ ತನಕ ರಾತ್ರಿ ಬಿಚ್ಚಿದರೆ ನೇರ ಅಕ್ಕಿಗೆ, ಬೆಳಿಗ್ಗೆ ತೆಗೆದು ಕಟ್ಟುವುದು. ಖರ್ಚಿಲ್ಲ.

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಅಕ್ಕಾ, ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಅಕ್ಕಿಯಲ್ಲಿ ಮೊದಲೇ ನೂರಕ್ಕೆ 12ರಿಂದ 14ರಷ್ಟು ತೇವ ಇರುತ್ತೆ. ಆಗಸ್ಟಿನಲ್ಲಿ ನಾಪೋಕ್ಲಿನ ಅಡಿಗೆಮನೆಯಲ್ಲಿ ಅದು ಇನ್ನೂ ಹೆಚ್ಚು. ಹೀರುವಷ್ಟು ಹೀರಿಯಾಗಿದೆ, ವಾಚಿನಿಂದ ಹೀರಲು ಅದರಲ್ಲಿ ಜಾಗವೇ ಇಲ್ಲ. ಮೇಲೆ ಅಕ್ಕಿ ಹಿಟ್ಟಿನ ಧೂಳು ಕೀ ಸಂದಿಯಲ್ಲಿ ಕೂತು ತೇವಕ್ಕೆ ಅಂಟಾಗುತ್ತೆ. ಮಳೆಗಾಲದಲ್ಲಿ ಏಲಕ್ಕಿ, ಕರಿಮೆಣಸು ಯಾಕೆ ಬೂಷ್ಟು ಹಿಡಿಯುತ್ತೆ ಯೋಚಿಸಿ. ಕಾಳಾಗಲಿ ಅಕ್ಕಿಯಾಗಲಿ ಗಾಳಿಯ ತೇವ ಎಳೆದುಕೊಳ್ಳುತ್ತೆ. ಹಿಂದೆ ಕಾಫಿಯನ್ನು ಹಡಗಿನಲ್ಲಿ ಕಳಿಸುವಾಗ ಕಡಲಗಾಳಿಗೇ ಬೀಜ ಊದಿಕೊಳ್ಳುತ್ತಿತ್ತು, ಈಗ ಮಂಗಳೂರಿನಲ್ಲಿ ಅದನ್ನೇ ಬೇಕೆಂದು ಮಾಡಿ ‘ಮಾನ್ಸೂನ್ಡ್ ಮಲಬಾರ್’ ಅಂತ ಮಾರುತ್ತಾರೆ.

ಕುಶಾಲನಗರ ಕಾವೇರಿತೀರ:
“ಗಾಳಿಯ ತೇವ ಎಳೆದುಕೊಳ್ಳುತ್ತೆ.” ನೀವೇ ಹೇಳಿದಿರಿ! ಹಾಗಾದರೆ ಅಕ್ಕಿ ವಾಚಿನ ತೇವವನ್ನೂ ಎಳೆಯುತ್ತೆ. ಅಕ್ಕ ಹೇಳಿದ್ದು ಅದನ್ನೇ ಅಲ್ಲವಾ? ಹೋಟೆಲಿನಲ್ಲಿ ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕುವುದು ಯಾಕೆ?

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಎಳೆದುಕೊಂಡು ತುಂಬಿದ ಮೇಲೆ ಎಳೆಯಲ್ಲ ಅಂತ ಹೇಳಿದ್ದು. ಒದ್ದೆ ಬಟ್ಟೆಯಿಂದ ನೆಲ ಒರೆಸಿದರೆ ಒಣಗುತ್ತಾ? ಹಿಂದಿನ ಮುಚ್ಚಳ ಮುಚ್ಚಿದ ವಾಚಿನೊಳಗಿನ ಹನಿ ಹೊರಗಿನ ಅಕ್ಕಿಗೆ ಬರುವ ದಾರಿಯಾದರೂ ಯಾವುದು? ನೀರು ಒಳಗೆ ಹೋದ ಸಂದಿಯೇ ತಾನೇ. ಆ ಸಂದಿಯ ರಬ್ಬರ್ ಬದಲಿಸಬೇಕು.

ಕುಶಾಲನಗರ ಕಾವೇರಿತೀರ:
“ತುಂಬಿದ ಮೇಲೆ” ಎಂಬುದು ನಾಪೋಕ್ಲಿನ ಲೆಕ್ಕ. ಕುಶಾಲನಗರದ ಕಡೆ ಮಳೆ ಅಷ್ಟಿಲ್ಲ, ನಮ್ಮ ಅಕ್ಕಿ ಒಣಗಿಯೇ ಇರುತ್ತೆ. ನಿಮ್ಮೂರಿನ ಮಳೆಯನ್ನು ಇಡೀ ಕೊಡಗಿನ ಮೇಲೆ ಸುರಿಯಬೇಡಿ.

ಪೊನ್ನಂಪೇಟೆ ಅಕ್ಕ:
ಪೊನ್ನಂಪೇಟೆಯಲ್ಲಿ ಮಳೆ ಕಡಿಮೆ ಏನಲ್ಲ, ಆದರೂ ಮಾವನವರ ವಾಚು ಇವತ್ತಿಗೂ ಓಡುತ್ತಿದೆ. ನಲವತ್ತು ವರ್ಷದ ಅನುಭವಕ್ಕಿಂತ ನಿಮ್ಮ ಪರ್ಸೆಂಟೇಜ್ ದೊಡ್ಡದಾ? ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ನಿಮ್ಮ ಮಾತಿನ ಅರ್ಥವಾದರೆ ನೇರ ಹೇಳಿ.

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಸುಳ್ಳು ಅಂದಿಲ್ಲ ಅಕ್ಕಾ. ರಾತ್ರಿ ಡಬ್ಬಿಯಲ್ಲಿ ಬೆಚ್ಚಗೆ ಇದ್ದದ್ದರಿಂದ ಉಳಿದಿರಬಹುದು. ಗಾಜಿನಲ್ಲಿ ಮಂಜು ಕಾಣುವುದೇ ಒಳಗಿನ ಬೆಚ್ಚನೆಯ ಒದ್ದೆ ಗಾಳಿಗೆ ಹೊರಗಿನ ಚಳಿ ತಾಗಿದಾಗ. ಬೆಳಿಗ್ಗೆ ಮಂಜು ಕಾಣದಿದ್ದರೆ ನೀರು ಹೋಯಿತು ಅಂತಲ್ಲ, ಒಳಗೆ ಅದು ಆವಿಯಾಗಿ ನಿಂತಿದೆ. ಕೀಯಿಂದ ಮಿಷಿನ್ ಒಳಗೆ ಹೋಗುವ ಕೀ ಕಡ್ಡಿ, ಅದರ ಪಕ್ಕದ ಉಕ್ಕಿನ ಚಿಕ್ಕ ಸಾಮಾನು ಮೊದಲು ತುಕ್ಕು ಹಿಡಿಯುತ್ತವೆ. ರೈಟರ್ ಅವರ ಜನತಾ ಒಳಗೂ ಹೀಗೇ ಆಗಿರುತ್ತೆ. ಹೋದ ಜುಲೈಯಿಂದ ಬಿಚ್ಚದೆ ಇಟ್ಟಿದ್ದಾರೆ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ವಿರಾಜಪೇಟೆ ಸ್ಟೀಲ್ ಚೈನು:
“ಬೆಚ್ಚಗೆ ಇದ್ದದ್ದರಿಂದ” ಅಂದಿರಿ. ಹಾಗಾದರೆ ಒಲೆ ಮೇಲಿನ ಅಟ್ಟವೇ ಒಳ್ಳೆಯದಲ್ಲವಾ? ನಮ್ಮಲ್ಲಿ ಬೀಜ, ಹಪ್ಪಳ ಎಲ್ಲ ಅಲ್ಲೇ ಇಡುವುದು.

ಹಳೆವಾಚು ಗೋಣಿಕೊಪ್ಪ:
ಅಟ್ಟ ಬೇಡ ಮಾರಾಯ್ರೆ. ಹೊಗೆ, ಎಣ್ಣೆಜಿಡ್ಡು, ಬಿಸಿ. ಮಿಷಿನ್ ಒಳಗೆ ಹಾಕುವ ಆಯಿಲ್ ಸಾಸಿವೆಕಾಳಿಗಿಂತ ಚಿಕ್ಕ ಹನಿ, ಕಲ್ಲಿನ ಕುಳಿಯಲ್ಲಿ ಕೂತಿರಬೇಕು. ಬಿಸಿಗೆ ಅದು ಜಾರಿ ಹರಡಿದರೆ ಚಕ್ರ ಒಣಗಿ ಓಡುತ್ತೆ. ತೇವ ಹೀರುವ ಸಿಲಿಕಾ ಜೆಲ್ ಹರಳು ತನ್ನಿ, ಹಾರ್ಲಿಕ್ಸ್ ಬಾಟಲಿಯಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ರಾತ್ರಿ ಅದರೊಳಗೆ ವಾಚು ಇಡಿ. ನೀಲಿ ಹರಳು ಗುಲಾಬಿಯಾದರೆ ತುಂಬಿತು ಅಂತ, ಸುಮಾರು 120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ.

ಕುಶಾಲನಗರ ಕಾವೇರಿತೀರ:
“ಬಿಸಿ ಮಾಡಿದರೆ ಮತ್ತೆ ನೀಲಿ.” ಅಕ್ಕಿಯನ್ನೂ ಬಾಣಲೆಯಲ್ಲಿ ಹುರಿದು ಬಿಗಿ ಡಬ್ಬಿಗೆ ಹಾಕಿದರೆ ಅದೂ ಹೀರುತ್ತೆ. ತತ್ವ ಒಂದೇ. ಅಕ್ಕನ ಮಾತು ಗೆದ್ದಿತು.

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಅಕ್ಕ ಹೇಳಿದ್ದು ಅಡಿಗೆಗೆ ಇಟ್ಟ ಅಕ್ಕಿ. ಹುರಿದ ಅಕ್ಕಿಯನ್ನು ಈಗ ನೀವು ತಂದು ಸೇರಿಸಿದಿರಿ. ಹುರಿದರೆ ಸ್ವಲ್ಪ ಹೀರುತ್ತೆ, ಒಪ್ಪಿದೆ. ಅದರ ಪುಡಿ?

ಕುಶಾಲನಗರ ಕಾವೇರಿತೀರ:
“ಒಪ್ಪಿದೆ” ಅಂದಿದ್ದೀರಿ. ಸಾಕು.

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಒಂದೇ ಪದ ಕಿತ್ತುಕೊಂಡು ಓಡುವ ನಿಮ್ಮ ಚಾಳಿಗೆ ನಾನು ಏನು ಹೇಳಲಿ! ಇವತ್ತು ತೋಟದ ಮಾಯಿಶ್ಚರ್ ಮೀಟರಿನಲ್ಲಿ ನಮ್ಮ ಮನೆ ಅಕ್ಕಿ ಹಾಕಿ ನೋಡಿದೆ, 15 ದಾಟಿತು. ನಾವು ರೊಬಸ್ಟಾ ಚೆರ್ರಿಯನ್ನು 11ಕ್ಕೆ ಇಳಿಸದೆ ಚೀಲ ಕಟ್ಟಲ್ಲ. 15ರಲ್ಲಿ ಕಾಫಿಯನ್ನೇ ಇಡದ ಜಾಗದಲ್ಲಿ ಉಕ್ಕಿನ ಮಿಷಿನ್ ಇಡಿ ಅಂತೀರಿ.

ವಿರಾಜಪೇಟೆ ಸ್ಟೀಲ್ ಚೈನು:
ಕಾಫಿಗೆ ಹೊಂದಿಸಿದ ಮೀಟರಿನಲ್ಲಿ ಅಕ್ಕಿ ಅಳೆದರೆ ಆ ಅಂಕಿಗೆ ಬೆಲೆ ಇಲ್ಲ. ಧಾನ್ಯ ಬದಲಾದರೆ ಸ್ಕೇಲ್ ಬದಲಾಗಬೇಕು.

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಅದರಲ್ಲಿ ಭತ್ತಕ್ಕೆ ಬೇರೆ ಸ್ಕೇಲ್ ಇದೆ, ಅದನ್ನೇ ಹಾಕಿದ್ದು.

ವಿರಾಜಪೇಟೆ ಸ್ಟೀಲ್ ಚೈನು:
ಭತ್ತಕ್ಕೆ. ಅಕ್ಕಿಗಲ್ಲ.

ಪೊನ್ನಂಪೇಟೆ ಅಕ್ಕ:
ಹುತ್ತರಿ ಸುಗ್ಗಿಹಬ್ಬಕ್ಕೆ ಕದಿರು ತಂದು ಮನೆ ತುಂಬಿಸಿಕೊಳ್ಳುವವರು ನಾವು. ಅಕ್ಕಿ ಒಣಗಿದೆಯೋ ಇಲ್ಲವೋ ಬೆರಳಲ್ಲಿ ಮುಟ್ಟಿದರೆ ತಿಳಿಯುತ್ತೆ, ಮೀಟರ್ ಬೇಡ.

ಮಾಜಿ ಸುಬೇದಾರ್:
ಒಬ್ಬ ಹುಡುಗ ಯಾವ ವಾಚು ತಗೊಳ್ಳಲಿ ಅಂತ ಕೇಳಿದ್ದಾನೆ. ನೀವು ಇಪ್ಪತ್ತು ಉತ್ತರ ಅಕ್ಕಿಯ ಮೇಲೆ ಬರೆದಿರಿ. ನಾಚಿಕೆಯಾಗಬೇಕು.

ಹಳೆವಾಚು ಗೋಣಿಕೊಪ್ಪ:
ಸುಬೇದಾರ್ ಸಾರ್ ಹೇಳಿದ್ದು ಸರಿ. ರೈಟರೇ, ಹತ್ತು ಸಾವಿರಕ್ಕೆ ಹೊಸ ಸೀಕೋ 5 ಸ್ಪೋರ್ಟ್ಸ್ ಬರಲ್ಲ. ಹಳೆಯ ಸೀಕೋ 5 ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಒಳಗೆ 7ಎಸ್26 ಮಿಷಿನ್. ಅದಕ್ಕೆ ಕೈಯಿಂದ ಕೀ ಕೊಡಲು ಬರಲ್ಲ, ಕೀ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲಲ್ಲ, ಆದರೆ ಬಲು ಗಟ್ಟಿ. ಇಲ್ಲವಾದರೆ ಎನ್‌ಎಚ್35 ಅಥವಾ ಮಿಯೋಟಾ 8215 ಹಾಕಿದ ಬೇರೆ ಕಂಪನಿಯ ವಾಚು ನೋಡಿ. ಮೊದಲನೆಯದು ಸೀಕೋದವರ ಮಿಷಿನ್, ಎರಡನೆಯದು ಸಿಟಿಜನ್‌ನವರದು. ಎರಡೂ ಗಂಟೆಗೆ 21,600 ಬಡಿತ, ಬಿಚ್ಚಿಟ್ಟರೂ ಸುಮಾರು 40 ಗಂಟೆ ಓಡುತ್ತವೆ. ನಿಮ್ಮ ಕೆಲಸಕ್ಕೆ ಮಿಷಿನ್‌ಗಿಂತ ಮುಖ್ಯ ಹಿಂದಿನ ಮುಚ್ಚಳ. ತಿರುಪಿನ ಮುಚ್ಚಳ ಇರಲಿ, ನೀರು ತಡೆಯುವ ಶಕ್ತಿ 100 ಮೀಟರ್ ಅಂತ ಬರೆದಿರಲಿ. 30 ಮೀಟರ್ ಅಂದರೆ ಕೈತೊಳೆಯುವಾಗಿನ ಹನಿಗೆ ಮಾತ್ರ, 30 ಮೀಟರ್ ಆಳಕ್ಕಲ್ಲ. ರಾತ್ರಿ 9ರಿಂದ ಬೆಳಗಿನ ಜಾವ 4ರ ಒಳಗೆ ತಾರೀಖು ತಿರುಗಿಸಬೇಡಿ, ಆ ಹೊತ್ತಿಗೆ ತಾರೀಖಿನ ಹಲ್ಲು ಕಚ್ಚಿಕೊಂಡಿರುತ್ತೆ. ಚರ್ಮದ ಬೆಲ್ಟ್ ಬೂಷ್ಟು ಹಿಡಿಯುತ್ತೆ, ನೈಲಾನ್ ಹಾಕಿ.

ಮಾಜಿ ಸುಬೇದಾರ್:
“ಬಲು ಗಟ್ಟಿ” ಅಂತ ಜಪಾನಿನದ್ದಕ್ಕೆ. ಹೊಸ ಸೀಕೋ 5 ಸ್ಪೋರ್ಟ್ಸ್ ಒಳಗಿನ 4ಆರ್36 ಮಿಷಿನ್‌ಗೆ ಸೀಕೋದವರೇ ಕೊಡುವ ಮಾತು ದಿನಕ್ಕೆ 45 ಸೆಕೆಂಡ್ ಮುಂದೆ, ಇಲ್ಲ 35 ಸೆಕೆಂಡ್ ಹಿಂದೆ. ನನ್ನ ಎಚ್‌ಎಂಟಿ ದಿನಕ್ಕೆ ಹತ್ತು ಸೆಕೆಂಡ್ ದಾಟಿಲ್ಲ. ತಲಕಾವೇರಿಯಲ್ಲಿ ತೀರ್ಥೋದ್ಭವದ ಗಳಿಗೆಗೆ ಅದನ್ನೇ ನೋಡಿ ನಿಂತಿದ್ದೇನೆ.

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಅದು ಕಂಪನಿ ಹಾಕಿದ ಹೊರಗಿನ ಗಡಿ ಸಾರ್. ಹೆಚ್ಚಿನವು ಅದಕ್ಕಿಂತ ಚೆನ್ನಾಗಿ ಓಡುತ್ತವೆ, ರಿಪೇರಿಯವರು ಹೊಂದಿಸಿದರೆ ಇನ್ನೂ ಚೆನ್ನಾಗಿ. ಇದ್ದಕ್ಕಿದ್ದಂತೆ ದಿನಕ್ಕೆ ಕೆಲವು ನಿಮಿಷ ಮುಂದೆ ಓಡಲು ಶುರುವಾದರೆ ಅಯಸ್ಕಾಂತ ಹಿಡಿದಿದೆ ಅಂತ ಅನುಮಾನಿಸಿ. ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಸಣ್ಣ ಸುರುಳಿ, ಅಂದರೆ ಹೇರ್‌ಸ್ಪ್ರಿಂಗಿನ ಸುತ್ತು ಒಂದಕ್ಕೊಂದು ಅಂಟಿಕೊಂಡಿರುತ್ತೆ. ಸ್ಪೀಕರ್ ಮೇಲೆ, ಮೊಬೈಲಿನ ಮ್ಯಾಗ್ನೆಟ್ ಕವರ್ ಪಕ್ಕ ಇಡಬೇಡಿ. ಅಯಸ್ಕಾಂತ ಬಿಡಿಸುವುದು ಒಂದು ನಿಮಿಷದ ಕೆಲಸ, ಅದಕ್ಕೆ ಪೂರ್ತಿ ಸರ್ವಿಸ್ ದುಡ್ಡು ಕೇಳಿದರೆ ಕೊಡಬೇಡಿ. ನನ್ನಿಂದ ಒಂದು ಅಂಗಡಿಯವರು ಹಾಗೇ ತಗೊಂಡರು, ಇನ್ನೂ ಮರೆತಿಲ್ಲ.

ಸಿದ್ದಾಪುರದ ರೈಟರ್:
ಎಲ್ಲ ಓದಿದೆ. ಇವತ್ತು ಸಂಜೆ ಜನತಾವನ್ನು ಒಬ್ಬ ಹಳೆಯ ರಿಪೇರಿಯವರ ಹತ್ತಿರ ಬಿಚ್ಚಿಸಿದೆ. ಎಸ್ಟೇಟ್ ಮೆಕ್ಯಾನಿಕ್ ಅಣ್ಣ ಹೇಳಿದ ಹಾಗೇ, ಕೀ ಕಡ್ಡಿ ಕೆಂಪಾಗಿ ಕೊರೆದುಹೋಗಿದೆ. ಚಕ್ರಗಳು ಉಳಿದಿವೆ. ಕಡ್ಡಿ ಬದಲಿಸಿ, ತೊಳೆದು, ಆಯಿಲ್ ಹಾಕಿ ಕೊಡುತ್ತೇನೆ, ಆದರೆ ಇದರ ಮುಚ್ಚಳ ಎಷ್ಟು ಬಿಗಿ ಮಾಡಿದರೂ ಮಳೆ ತಡೆಯಲ್ಲ ಅಂದರು. ಇದನ್ನು ಹಬ್ಬಕ್ಕೆ, ಮದುವೆಗೆ ಇಟ್ಟುಕೊಳ್ಳುತ್ತೇನೆ. ತೋಟಕ್ಕೆ ಎನ್‌ಎಚ್35 ಇರುವ, 100 ಮೀಟರಿನ ಒಂದನ್ನು ಹುಡುಕುತ್ತೇನೆ. ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ, ಸಿಲಿಕಾ ಜೆಲ್ ತಂದಿದ್ದೇನೆ.

ಪೊನ್ನಂಪೇಟೆ ಅಕ್ಕ:
ಬೇಜಾರೇನಿಲ್ಲ ತಮ್ಮಾ. ಆದರೆ ಮಂಜು ಕಟ್ಟಿದ ದಿನವೇ ಅಕ್ಕಿಯಲ್ಲಿ ಇಟ್ಟಿದ್ದರೆ ಆ ಕಡ್ಡಿ ಉಳಿಯುತ್ತಿತ್ತು.

ಎಸ್ಟೇಟ್ ಮೆಕ್ಯಾನಿಕ್ ನಾಪೋಕ್ಲು:
ಉಳಿಯುತ್ತಿರಲಿಲ್ಲ ಅಕ್ಕಾ. ಆ ದಿನವೇ ಮುಚ್ಚಳ ಬಿಚ್ಚಿಸಿದ್ದರೆ ಮಾತ್ರ ಉಳಿಯುತ್ತಿತ್ತು.

ಕುಶಾಲನಗರ ಕಾವೇರಿತೀರ:
ಮುಚ್ಚಳ ಬಿಚ್ಚಿ, ಹುರಿದ ಅಕ್ಕಿಯಲ್ಲಿ.