ಟೊಮೆಟೊ ಕಾಯಿ ತಳ ಕಪ್ಪಾಗ್ತಿದೆ, ಗೊಬ್ಬರಕ್ಕೇನೂ ಕಮ್ಮಿ ಮಾಡಿಲ್ಲ

ತೀರ್ಥಹಳ್ಳಿ_ಹಿತ್ತಿಲು:
ಗಿಡ ಎದೆಮಟ್ಟ ಬಂದಿದೆ, ಎಲೆ ಕಡುಹಸಿರು. ಹೂವು ಅರ್ಧಕ್ಕರ್ಧ ಉದುರ್ತಿದೆ. ನಿಂತ ಕಾಯಿಗಳ ತಳದಲ್ಲಿ ಎಂಟಾಣೆ ಅಗಲದ ಕಪ್ಪು ಮಚ್ಚೆ, ಒಳಗೆ ಕುಗ್ಗಿದೆ, ಮುಟ್ಟಿದ್ರೆ ಚಪ್ಪಲಿ ಚರ್ಮದ ಹಾಗೆ. ಪೂರ್ತಿ ಸಾವಯವ, ಒಂದು ಚಿಟಿಕೆ ಯೂರಿಯಾ ಇಲ್ಲ. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಎರಡು ಸಲ ಹೊಡೆದಾಯ್ತು. ಎಂತ ಮಾಡೋದು ಮಾರಾಯ್ರೆ?

ಶುಂಠಿಪಟ್ಟಿ:
ಅಲ್ಲಿ ಹಿಂದೆ ಶುಂಠಿ ಹಾಕಿದ್ರಾ? ಹಾಗಿದ್ರೆ ಮಣ್ಣಲ್ಲಿ ಉಳಿದ ಬ್ಯಾಕ್ಟೀರಿಯಾದಿಂದ ಬರೋ ಸೊರಗು ರೋಗ, ಬೇರೆ ಯೋಚನೆನೇ ಬೇಡ. ಬುಡದ ಹತ್ರ ಕಾಂಡ ಕೊಯ್ದು, ಗಾಜಿನ ಲೋಟದ ತಿಳಿನೀರಲ್ಲಿ ಕೊಯ್ದ ತುದಿ ಮಾತ್ರ ಮುಳುಗೋ ಹಾಗೆ ಹಿಡೀರಿ. ಐದು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದ್ರೆ ಅದೇ. ಮುಂದಿನ ಸಲ ಈ ರೋಗ ತಡೆಯೋ ಟೊಮೆಟೊ ತಳಿ ಅರ್ಕಾ ರಕ್ಷಕ್ ಹಾಕಿ.

ತೀರ್ಥಹಳ್ಳಿ_ಹಿತ್ತಿಲು:
ನೀರು ತಿಳಿಯಾಗೇ ಇದೆ. ಗಿಡ ಬಾಡಿಯೂ ಇಲ್ಲ.

ಶುಂಠಿಪಟ್ಟಿ:
ಇನ್ನೊಂದು ಗಿಡ ಕೊಯ್ದು ನೋಡಿ.

ದರಕು:
ಬಾಡದ ಗಿಡ ಎಷ್ಟು ಅಂತ ಕೊಯ್ಸ್ತೀರಿ? ಇದು ತುದಿ ಕೊಳೆ. ರೋಗಾಣು ಅಲ್ಲ, ಕಾಯಿಗೆ ಕ್ಯಾಲ್ಸಿಯಂ ಮುಟ್ಟುತ್ತಿಲ್ಲ. ಬೋರ್ಡೋ ದಂಡ. ಯಾವ ಗೊಬ್ಬರ, ಎಷ್ಟು, ಯಾವಾಗ?

ತೀರ್ಥಹಳ್ಳಿ_ಹಿತ್ತಿಲು:
ಮಾಮೂಲಿ ಕೋಳಿ ಗೊಬ್ಬರ. ಫಾರಂನಿಂದ ತಂದ ದಿನವೇ ಗುಣಿಗೆ ಒಂದೂವರೆ ಕೆಜಿ, ಆಮೇಲೆ 15 ದಿನಕ್ಕೊಮ್ಮೆ ಬುಡಕ್ಕೆ ಎರಡು ಬೊಗಸೆ.

ದರಕು:
ಇದನ್ನ ಮೊದಲೇ ಹೇಳಬಾರದಾ! ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರ ಆಸುಪಾಸು, ಒಣ ಕೋಳಿ ಗೊಬ್ಬರದಲ್ಲಿ ಶೇ. 3ರ ತನಕ. ಯೂರಿಯಾ ಹಾಕಿಲ್ಲ ಅಷ್ಟೆ, ಕೆಲಸ ಅದರದ್ದೇ ಆಗಿದೆ. ಹಸಿ ಗೊಬ್ಬರದ ಅಮೋನಿಯಂ ಬೇರಿನ ಬಾಗಿಲಲ್ಲೇ ಕ್ಯಾಲ್ಸಿಯಂ ತಡೆಯುತ್ತೆ. ಒಳಗೆ ಹೋದದ್ದೂ ನೀರಿನ ಜೊತೆ ಎಲೆಗೆ ಓಡುತ್ತೆ, ಕಾಯಿಗೆ ಚೊಂಬು.

ಬುಡದ ಮೇಲಿನ ಗೊಬ್ಬರ ಗೋರಿ ತೆಗೀರಿ. ಮಚ್ಚೆ ಬಿದ್ದ ಕಾಯಿ ಸರಿಯಾಗಲ್ಲ, ಕಿತ್ತುಬಿಡಿ. ದರಕು, ಅಂದ್ರೆ ಒಣಗಿದ ಎಲೆ, ಮೂರು ಇಂಚು ಹೊದಿಸಿ, ನೀರು ಒಂದೇ ಹದದಲ್ಲಿ ಕೊಡಿ. ನಾಲ್ಕು ದಿನ ಒಣಗಿಸಿ ಐದನೇ ದಿನ ಕೊಡಗಟ್ಟಲೆ ಸುರಿಯೋದು ಬೇಡ. ಉಳಿದ ಗೊಬ್ಬರಕ್ಕೆ ಎರಡರಷ್ಟು ಒಣಸೊಪ್ಪು ಸೇರಿಸಿ ಸೊಂಟದೆತ್ತರ ರಾಶಿ ಮಾಡಿ, ಟಾರ್ಪಾಲು ಮುಚ್ಚಿ, 15 ದಿನಕ್ಕೊಮ್ಮೆ ಮಗುಚಿ. ಮೂರು–ನಾಲ್ಕು ತಿಂಗಳು ಬೇಕು. ರಾಶಿಯೊಳಗೆ ಕೈ ಹಾಕಿದ್ರೆ ಬಿಸಿ ಇದ್ರೆ, ಮೂಗಿಗೆ ಘಾಟು ಹೊಡೆದ್ರೆ ಇನ್ನೂ ಆಗಿಲ್ಲ. ಕಳಿತ ಮೇಲೂ ಗುಣಿಗೆ ಕಾಲು ಕೆಜಿ ಸಾಕು.

ಗಿಡ್ಡದ_ಕೊಟ್ಟಿಗೆ:
ಇಷ್ಟೆಲ್ಲ ಯಾಕೆ? ಒಲೆ ಬೂದಿ ಎರಡು ಮುಷ್ಟಿ ಗೊಬ್ಬರಕ್ಕೆ ಕಲಸಿ ಹಾಕಿ. ನಮ್ಮಲ್ಲಿ ಆರು ಮಲೆನಾಡು ಗಿಡ್ಡ ದನ, ಸೊಪ್ಪು ಹಾಸಿದ ಗೊಬ್ಬರ ಒಂದು ವರ್ಷ ಕಳಿತದ್ದು, ಕೈಯಲ್ಲಿ ಹಿಡಿದ್ರೆ ಕಾಫಿಪುಡಿ.

ದರಕು:
ಹಸಿ ಕೋಳಿ ಗೊಬ್ಬರಕ್ಕೆ ಬೂದಿಯಾಗಲಿ ಸುಣ್ಣವಾಗಲಿ ಕಲಸಿದ್ರೆ ಅಮೋನಿಯಾ ಗಾಳಿಗೆ. ಸುಣ್ಣ ನಾಟಿಗೆ ಮುಂಚೆ, ಮಣ್ಣು ಪರೀಕ್ಷೆ ನೋಡಿ, ಬೇರೆಯಾಗಿ.

ಗಿಡ್ಡದ_ಕೊಟ್ಟಿಗೆ:
ಸಾರಜನಕ ಜಾಸ್ತಿ ಅಂದವರೂ ನೀವೇ. ಹಾರಿಹೋದ್ರೆ ಒಳ್ಳೇದೇ ಅಲ್ವಾ?

ದರಕು:
ಗಿಡದ ಬುಡದಲ್ಲೇ ಹಾರಿದ್ರೆ ಎಳೆ ಬೇರು ಸುಡುತ್ತೆ ಸ್ವಾಮಿ.

ತೀರ್ಥಹಳ್ಳಿ_ಹಿತ್ತಿಲು:
ಗೋರಿ ತೆಗೆದೆ. ಒಳಗೆ ಬಿಳಿ ಬೂಸಲು, ಹೆಬ್ಬೆರಳು ಗಾತ್ರದ ಬಿಳಿ ಹುಳ. ಅದಕ್ಕೆಂತ ಮಾಡೋದು?

ಶುಂಠಿಪಟ್ಟಿ:
ಶುಂಠಿ ಹಾಕಿದ್ರೋ ಇಲ್ವೋ, ಇನ್ನೂ ಹೇಳ್ಲಿಲ್ಲ.