ಮೋರಿಗೆ ಬಿದ್ದ ಚೆಂಡು, ಎದ್ದು ನಿಂತ ರಾಜಧಾನಿ

ಸಂಜೆ ಐದಾದರೆ ನಾಣಿ ಮನೆ ಜಗುಲಿಯಲ್ಲಿ ನಾವು ನಾಲ್ಕು ಜನ ಸೇರುತ್ತೇವೆ. ನಾಣಿ, ಸೀನ, ಇತಿಹಾಸದ ಮೇಷ್ಟ್ರು, ನಾನು. ನಾಲ್ವರೂ ಪಿಂಚಣಿದಾರರು. ಬಿಪಿ ಮಾತ್ರೆ ನಾಲ್ವರದ್ದೂ ಒಂದೇ, ಅಭಿಪ್ರಾಯ ಮಾತ್ರ ನಾಲ್ಕು.

ಆವತ್ತು ನಾಣಿ ಕೆಂಡವಾಗಿದ್ದ. ಬೀದಿ ಹುಡುಗರ ಚೆಂಡು ಅವನ ಮನೆ ಮೋರಿಗೇ ಬಂದು ಬೀಳುತ್ತಿತ್ತು. ಹುಡುಗರು ಕಾಂಪೌಂಡ್ ಹಾರಿ ಬಂದು, ಮೋರಿಗೆ ಕೈ ಹಾಕಿ ತೆಗೆದು, ಚೆಂಡನ್ನು ಅವನ ಗೋಡೆಗೇ ಒರೆಸಿ ಹೋಗುತ್ತಿದ್ದರು. "ಗಾರೆಯವನಿಗೆ ಫೋನ್ ಮಾಡಿದ್ದೀನಿ. ನಾಳೆ ಬೆಳಿಗ್ಗೆ ಬಂದು ಮೋರಿ ಬಾಯಿಗೆ ಚಪ್ಪಡಿ ಇಟ್ಟು ಸಿಮೆಂಟ್ ಮೆತ್ತಿ ಹೋಗ್ತಾನೆ" ಎಂದ.

ಅಷ್ಟರಲ್ಲಿ ಸೀನ ಬಂದ. ಸ್ಕಾಟ್ಲೆಂಡಿನಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದವನು. ತಲೆ ಮೇಲೆ ಚೌಕಳಿ ಚೌಕಳಿ ಉಣ್ಣೆ ಟೋಪಿ. ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಅದರಡಿಯಿಂದ ಬೆವರು ಸುರಿಯುತ್ತಿತ್ತು.

"ಹೇಗಿತ್ತಯ್ಯ ಎಡಿನ್‌ಬರ್ಗ್?" ಎಂದೆ.

"ಬರ್ಗ್ ಅನ್ನಬಾರದು. ಎಡಿನ್‌ಬರ."

"ಬರ ಅಂದ್ರೆ ಅಲ್ಲೂ ಮಳೆ ಇಲ್ವಾ?" ನಾಣಿ ಕೇಳಿದ.

"ಮೂರು ತಿಂಗಳಲ್ಲಿ ಕೊಡೆ ಮಡಿಸಿದ್ದು ನಾಲ್ಕು ಸಲ. ಈ ಟೋಪಿ ನೋಡು, ಗಾಲ್ಫ್ ಆಡೋರು ಹಾಕೋದು." ಬೆಲೆ ಹೇಳಿದ. ನಾವು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿಕೊಂಡೆವು. ಒಂದು ನಿಮಿಷ ಜಗುಲಿಯಲ್ಲಿ ಮೌನ.

"ಅಂಗಡಿಯವನು ಟೋಪಿ ಮಾರಿಲ್ಲ ಕಣೋ, ಹಾಕಿದ್ದಾನೆ" ಎಂದ ನಾಣಿ.

ಸೀನ ಜಗ್ಗಲಿಲ್ಲ. ಮಗಳ ಮನೆ ಹತ್ತಿರ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಅಂತ ಒಂದು ಬಯಲು ಇದೆಯಂತೆ. ಅಲ್ಲಿ ಈಗಲೂ ಊರಿನ ಜನ ಕೋಲು ತಂದು ಆಡುತ್ತಾರೆ. ಪಕ್ಕದಲ್ಲೊಂದು ಹಳೇ ಹೆಂಡದಂಗಡಿ. ಅದು ತನ್ನನ್ನು 1456ರದು ಎಂದು ಹೇಳಿಕೊಳ್ಳುತ್ತದೆ.

"ಆಟ ಏನು ಅಂತ ಹೇಳು" ಎಂದ ನಾಣಿ.

"ಸಣ್ಣ ಚೆಂಡು. ದೂರದಲ್ಲಿ ಒಂದು ಗುಳಿ. ಕೋಲಲ್ಲಿ ಹೊಡೆದು ಹೊಡೆದು ಗುಳಿಗೆ ಬೀಳಿಸಬೇಕು."

"ಇದು ಗೋಲಿ ಆಟ ಕಣೋ! ಬಗ್ಗಕ್ಕಾಗದ ದುಡ್ಡಿರೋರು ನಿಂತ್ಕೊಂಡು ಆಡ್ತಾರೆ, ಅಷ್ಟೇ."

ಮೇಷ್ಟ್ರು ಕನ್ನಡಕ ಒರೆಸಲು ಶುರು ಮಾಡಿದರು. ಅದು ಪಾಠದ ಬೆಲ್. "ಹೆಂಡದಂಗಡಿ 1456 ಅಂದ್ಯಲ್ಲ ಸೀನ, ಸರಿಯಾಗಿ ಮರುವರ್ಷ, 1457ರಲ್ಲಿ, ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿತು. ಗಾಲ್ಫ್ ಅನ್ನೋ ಹೆಸರು ಬರವಣಿಗೆಯಲ್ಲಿ ಸಿಗೋದೇ ಆ ಕಾಯಿದೆಯಲ್ಲಿ ಮೊದಲು. ಹುಟ್ಟಿದ ದಾಖಲೆ ಇಲ್ಲ, ಬೈಸಿಕೊಂಡ ದಾಖಲೆ ಇದೆ."

"ನಮ್ಮ ನಾಣಿ ಶಾಲೆಯ ರಿಜಿಸ್ಟರಿನ ಹಾಗೆ" ಎಂದೆ.

"ಯಾಕೆ ನಿಷೇಧ?" ನಾಣಿ ನನ್ನನ್ನು ಬಿಟ್ಟು ಮೇಷ್ಟ್ರನ್ನು ಕೇಳಿದ.

"ಇಂಗ್ಲೆಂಡಿನ ಜೊತೆ ಸದಾ ಜಗಳ. ಗಂಡಸರು ಬಿಲ್ಲುವಿದ್ಯೆ ಕಲಿಯಬೇಕು ಅಂತ ರಾಜ ಎರಡನೇ ಜೇಮ್ಸ್‌ನ ಆಸೆ. ಅವರು ನೋಡಿದರೆ ಫುಟ್ಬಾಲು, ಗಾಲ್ಫು ಅಂತ ಬಯಲಲ್ಲಿ ಬಿದ್ದಿರುತ್ತಿದ್ದರು. ಈ ರಾಜನ ಕಥೆ ಕೇಳಬೇಕು ನೀವು. ಎಡಿನ್‌ಬರ ರಾಜಧಾನಿ ಆಗಿದ್ದರಲ್ಲೂ ಒಂದು ಚೆಂಡಿನ ಕೈವಾಡ ಇದೆ."

ನಾಣಿ ಹೆಂಡತಿ ಕಾಫಿ ತಂದಿಟ್ಟರು. ಮೇಷ್ಟ್ರು ಒಂದು ಗುಟುಕು ಹೀರಿ 1457ರಿಂದ ಸೀದಾ 35 ಕೋಟಿ ವರ್ಷ ಹಿಂದಕ್ಕೆ ಹೋದರು. ಅವರ ಅಭ್ಯಾಸವೇ ಹಾಗೆ. ಬಸ್‌ಸ್ಟ್ಯಾಂಡ್ ಎಲ್ಲಿ ಅಂತ ಕೇಳಿದರೂ ಹೊಯ್ಸಳರಿಂದ ಹೊರಡುತ್ತಾರೆ. ಎಡಿನ್‌ಬರದ ಕೋಟೆ ಕೂತಿರುವುದು ಆರಿದ ಜ್ವಾಲಾಮುಖಿಯ ಬಂಡೆಯ ಮೇಲಂತೆ. ಮೂರು ಕಡೆ ಕಡಿದಾದ ಪ್ರಪಾತ, ಪೂರ್ವಕ್ಕೆ ಮಾತ್ರ ಬಾಲದ ಹಾಗೆ ಇಳಿಜಾರು. ಆ ಬಾಲದ ಮೇಲೆ ಊರು ಬೆಳೆಯಿತು. ಬಾಲದ ತುದಿಯಲ್ಲಿ ಹೋಲಿರೂಡ್ ಮಠ, 1128ರದು.

"ಮಠ ಹುಟ್ಟಿದ ಕಥೆಯೂ ಚೆನ್ನಾಗಿದೆ. ರಾಜ ಒಂದನೇ ಡೇವಿಡ್ ಶಿಲುಬೆ ಹಬ್ಬದ ದಿನ ಪ್ರಾರ್ಥನೆ ಬಿಟ್ಟು ಬೇಟೆಗೆ ಹೋದನಂತೆ. ಸಾರಂಗವೊಂದು ಮೈಮೇಲೆ ಬಿತ್ತು. ಶಿಲುಬೆ ಅವನನ್ನು ಕಾಪಾಡಿತು. ತಪ್ಪೊಪ್ಪಿಗೆ ಅಂತ ಮಠ ಕಟ್ಟಿಸಿದ."

"ಅಂದ್ರೆ ಪೂಜೆಗೆ ಚಕ್ಕರ್ ಹೊಡೆದು ಬೇಟೆಗೆ ಹೋದ" ಎಂದ ನಾಣಿ. ಅವನ ಮುಖ ಮೊದಲ ಸಲ ಅರಳಿತು.

"ಆದರೂ ಆಗಿನ್ನೂ ಇದೇ ರಾಜಧಾನಿ ಅಂತ ಒಂದು ಊರು ಇರಲಿಲ್ಲ. ರಾಜ ಎಲ್ಲಿ ಬಿಡಾರ ಹೂಡಿದನೋ ಅಲ್ಲೇ ರಾಜಧಾನಿ. ಪಟ್ಟಾಭಿಷೇಕ ನಡೆಯುತ್ತಿದ್ದದ್ದು ಪರ್ತ್ ಪಕ್ಕದ ಸ್ಕೋನ್‌ನಲ್ಲಿ. ಒಂದನೇ ಜೇಮ್ಸ್‌ಗೂ ಪರ್ತ್ ಅಂದರೆ ಪ್ರಾಣ. 1437ರ ಫೆಬ್ರವರಿಯಲ್ಲಿ ಅಲ್ಲಿಯ ಮಠವೊಂದರಲ್ಲಿ ಇಳಿದುಕೊಂಡಿದ್ದ. ರಾತ್ರಿ ಕೊಲೆಗಡುಕರು ನುಗ್ಗಿದರು."

ನಾವು ಲೋಟ ಕೆಳಗಿಟ್ಟೆವು.

"ರಾಜ ನೆಲದ ಹಲಗೆ ಕಿತ್ತು ಕೆಳಗಿನ ಮೋರಿಗೆ ಇಳಿದ. ಹಾಗೇ ತೆವಳಿಕೊಂಡು ಹೋಗಿದ್ದರೆ ಹೊರಗೆ ಬಯಲು, ಜೀವ ಉಳಿಯುತ್ತಿತ್ತು. ಆದರೆ ಮೋರಿ ಬಾಯಿ ಮುಚ್ಚಿತ್ತು! ಮೂರು ದಿನದ ಹಿಂದೆ ಅವನೇ ಮುಚ್ಚಿಸಿದ್ದ."

"ಯಾಕೆ?"

"ಟೆನಿಸ್ ಆಡುವಾಗ ಚೆಂಡೆಲ್ಲ ಅದರೊಳಕ್ಕೆ ಬೀಳುತ್ತಿತ್ತಂತೆ."

ಯಾರೂ ಮಾತಾಡಲಿಲ್ಲ. ಹೊರಗೆ ಹುಡುಗರು ಔಟೋ ನಾಟೌಟೋ ಅಂತ ಕಿತ್ತಾಡುತ್ತಿದ್ದರು. ನಾಣಿ ಕಾಫಿ ಲೋಟವನ್ನು ಸುಮ್ನೆ ತಿರುಗಿಸುತ್ತಾ ಕೂತ.

ರಾಜ ಅಲ್ಲೇ ಸತ್ತ. ಆರು ವರ್ಷದ ಮಗನಿಗೆ ಮಾರ್ಚಿಯಲ್ಲಿ ಹೋಲಿರೂಡ್‌ನಲ್ಲೇ ಪಟ್ಟ ಕಟ್ಟಿದರು. ಸ್ಕೋನ್‌ವರೆಗೆ ಮಗುವನ್ನು ಕರೆದೊಯ್ಯುವ ಧೈರ್ಯ ಯಾರಿಗಿತ್ತು? ಆಮೇಲೆ ಪಾರ್ಲಿಮೆಂಟು, ಕಚೇರಿ ಎಲ್ಲ ನಿಧಾನಕ್ಕೆ ಎಡಿನ್‌ಬರದಲ್ಲೇ ಬೇರುಬಿಟ್ಟವು.

"ಆ ಮಗುವೇ ಎರಡನೇ ಜೇಮ್ಸ್" ಎಂದರು ಮೇಷ್ಟ್ರು.

ನಾಣಿ ಎದ್ದು ನಿಂತ. "ಸಿಕ್ತು ನೋಡಿ! ಬಿಲ್ಲುವಿದ್ಯೆ ಎಲ್ಲ ನೆಪ. ಅಪ್ಪನ ಪ್ರಾಣ ಚೆಂಡಿನಿಂದ ಹೋಯ್ತು, ಅದಕ್ಕೇ ಮಗ ಚೆಂಡಿನ ಆಟ ಎಲ್ಲ ಬಂದ್ ಮಾಡಿದ."

"ಅದಕ್ಕೆ ದಾಖಲೆ ಇಲ್ಲ."

"ಹೊಟ್ಟೆಯ ಸಂಕಟಕ್ಕೆ ದಾಖಲೆ ಇರುತ್ತೇನ್ರಿ ಮೇಷ್ಟ್ರೇ?"

ಮೇಷ್ಟ್ರು ಉತ್ತರ ಕೊಡದೆ ಮುಂದಕ್ಕೆ ಹೋದರು. ಎರಡನೇ ಜೇಮ್ಸ್‌ಗೆ ಫಿರಂಗಿ ಹುಚ್ಚು. ಗಾಲ್ಫ್ ನಿಷೇಧವಾದ 1457ರಲ್ಲೇ ಮಾನ್ಸ್ ಮೆಗ್ ಎಂಬ ದೈತ್ಯ ಫಿರಂಗಿ ಅವನಿಗೆ ಉಡುಗೊರೆಯಾಗಿ ಬಂತು. ಅದರ ಬಾಯಿ ಒಂದೂವರೆ ಅಡಿಗಿಂತ ಅಗಲ. ಈಗಲೂ ಕೋಟೆ ಮೇಲೆ ಇದೆ, ಸೀನ ಅದರ ಮುಂದೆ ಸೆಲ್ಫಿ ತೆಗೆದುಕೊಂಡಿದ್ದಾನೆ. 1460ರಲ್ಲಿ ರಾಕ್ಸ್‌ಬರ ಕೋಟೆಗೆ ಮುತ್ತಿಗೆ ಹಾಕಿದಾಗ ಬೇರೊಂದು ಫಿರಂಗಿ ಸಿಡಿಯಿತು. ಪಕ್ಕದಲ್ಲೇ ನಿಂತಿದ್ದ ರಾಜ ಸತ್ತ.

"ಗಾಲ್ಫ್ ಆಡ್ಕೊಂಡು ಇದ್ದಿದ್ರೆ ಬದುಕಿರ್ತಿದ್ದ" ಎಂದ ಸೀನ ಟೋಪಿ ಸರಿಮಾಡಿಕೊಳ್ಳುತ್ತಾ.

"ನಿಷೇಧ ಏನಾಯ್ತು?" ನಾನು ಕೇಳಿದೆ.

"ನಮ್ಮ 'ಇಲ್ಲಿ ಕಸ ಹಾಕಬಾರದು' ಬೋರ್ಡಿಗೆ ಆಗೋದೇ ಆಯ್ತು. 1471ರಲ್ಲಿ ಮತ್ತೆ ನಿಷೇಧ. 1491ರಲ್ಲಿ ಮೊಮ್ಮಗ ನಾಲ್ಕನೇ ಜೇಮ್ಸ್ ಇನ್ನೊಂದು ಸಲ ನಿಷೇಧಿಸಿದ. ಅದೇ ಮಹಾಶಯ 1502ರಲ್ಲಿ ಗಾಲ್ಫ್ ಕೋಲು ಕೊಂಡ! ಖಜಾನೆ ಲೆಕ್ಕದಲ್ಲಿ ಬರೆದಿದೆ, 14 ಶಿಲಿಂಗ್. ಕೊಂಡದ್ದು ಪರ್ತ್‌ನಲ್ಲಿ. ಯಾರ ಹತ್ತಿರ ಗೊತ್ತಾ? ಬಿಲ್ಲು ಮಾಡುವವನ ಹತ್ತಿರ."

ಈ ಮಾತಿಗೆ ನಾಣಿ ನಕ್ಕಿದ್ದು ನೋಡಿ ಹೊರಗಿನ ಹುಡುಗರೂ ಆಟ ನಿಲ್ಲಿಸಿದರು. ಬಿಲ್ಲು ಕಲಿಯಿರಿ ಅಂತ ಆಟ ನಿಲ್ಲಿಸಿದರೆ, ಬಿಲ್ಲಿನವನೇ ಆಟದ ಕೋಲು ಮಾಡಿಕೊಟ್ಟಿದ್ದ. ಆ ವರ್ಷ ಇಂಗ್ಲೆಂಡಿನ ಜೊತೆ ಶಾಂತಿ ಒಪ್ಪಂದವೂ ಆಗಿತ್ತಂತೆ. ಪಾಪ, ಅವನೂ ಹೊಟ್ಟೆಪಾಡು ನೋಡಬೇಕಲ್ಲ.

ಆಮೇಲೆ ಪಾದ್ರಿಗಳ ಕಾಟ ಶುರುವಾಯಿತು. ಎಡಿನ್‌ಬರದವರು ಬಂದರು ಕಡೆಯ ಲೀತ್ ಬಯಲಿಗೆ ಹೋಗಿ ಆಡುತ್ತಿದ್ದರು. 1592ರಲ್ಲಿ ಊರಿನ ಕೌನ್ಸಿಲ್ಲು ಭಾನುವಾರ ಆಡಬಾರದು ಅಂತ ಹುಕುಂ ಹೊರಡಿಸಿತು.

"ನೋಡಿ ನ್ಯಾಯ!" ಎಂದ ನಾಣಿ. "ರಾಜ ಚಕ್ಕರ್ ಹೊಡೆದ್ರೆ ಮಠ. ಪ್ರಜೆ ಚಕ್ಕರ್ ಹೊಡೆದ್ರೆ ಹುಕುಂ."

"ನೀನು ಆ ಊರಲ್ಲಿ ಇದ್ದಿದ್ರೆ ಭಾನುವಾರ ಬಿಡು, ದಿನಾ ಬಯಲಿಗೆ ಓಡ್ತಿದ್ದೆ" ಎಂದ ಸೀನ. "ಕೋಟೆಗೋಡೆ ಒಳಗೆ ಜಾಗ ಇಲ್ಲ. ಹಾಗಾಗಿ ಮನೆ ಮೇಲೆ ಮನೆ, ಏಳೆಂಟು ಮಹಡಿ, ಕೆಲವು ಇನ್ನೂ ಜಾಸ್ತಿ. ಕೊಳಕು ನೀರೆಲ್ಲ ಕಿಟಕಿಯಿಂದ ಬೀದಿಗೆ. ಸುರಿಯೋಕೆ ಮುಂಚೆ 'ಗಾರ್ಡಿಲೂ' ಅಂತ ಕೂಗ್ತಿದ್ರಂತೆ."

"ಪರವಾಗಿಲ್ವೇ, ಮರ್ಯಾದಸ್ಥರು. ನಮ್ಮ ಎದುರು ಮನೆಯವರು ಅದನ್ನೂ ಕೂಗಲ್ಲ."

ಚೆಂಡಿನ ವಿಷಯಕ್ಕೆ ಬಂದರೆ, ಆ ಕಾಲದ ಒಳ್ಳೆ ಚೆಂಡು ಅಂದರೆ ಚರ್ಮದ ಚೀಲಕ್ಕೆ ಹಕ್ಕಿಗರಿ ಗಿಡಿದು ಹೊಲಿದದ್ದು. ಒಂದು ಚೆಂಡಿಗೆ ಒಂದು ಟೋಪಿ ತುಂಬ ಗರಿ. ನುರಿತವನೂ ದಿನಕ್ಕೆ ನಾಲ್ಕು ಮಾಡಿದರೆ ಹೆಚ್ಚು. ಮಳೆಗೆ ನೆನೆದರೆ ಮುದ್ದೆ. ಎಲ್ಲರೂ ಸೀನನ ಟೋಪಿ ನೋಡಿದೆವು. ಕೊನೆಗೂ ಅದಕ್ಕೊಂದು ಉಪಯೋಗ ಸಿಕ್ಕಿತ್ತು.

"ನಿಯಮ ಯಾರು ಬರೆದದ್ದು?" ಎಂದೆ.

"ಲೀತ್‌ನಲ್ಲಿ ಆಡುತ್ತಿದ್ದ ಎಡಿನ್‌ಬರದ ಸಜ್ಜನರು, 1744ರಲ್ಲಿ. ಕೌನ್ಸಿಲ್ಲು ಬೆಳ್ಳಿ ಕೋಲೊಂದನ್ನು ಬಹುಮಾನಕ್ಕೆ ಕೊಟ್ಟಿತು. ಬಹುಮಾನ ಅಂದ ಮೇಲೆ ಜಗಳ, ಜಗಳ ಅಂದ ಮೇಲೆ ನಿಯಮ. ಒಟ್ಟು 13. ಬರೆದಿಟ್ಟ ಗಾಲ್ಫ್ ನಿಯಮಗಳಲ್ಲಿ ಅದೇ ಹಳೆಯದು. ಮನುಷ್ಯನೋ ಕುದುರೆಯೋ ನಾಯಿಯೋ ಚೆಂಡನ್ನು ತಡೆದರೆ, ನಿಂತಲ್ಲಿಂದಲೇ ಹೊಡೆಯಬೇಕು ಅಂತ ಅದರಲ್ಲಿದೆ."

"ನಮ್ಮ ಬೀದಿ ನಾಯಿ ನಿಲ್ಲಿಸಲ್ಲ, ಕಚ್ಕೊಂಡು ಹೋಗುತ್ತೆ. ಅದಕ್ಕೆ ನಿಯಮ ಇದೆಯಾ?"

ಮೊದಲ ವರ್ಷ ಗೆದ್ದವನು ಜಾನ್ ರಾಟ್ರೇ ಅಂತ ಡಾಕ್ಟರು. ಮರುವರ್ಷ, ಬ್ರಿಟನ್ನಿನ ಸಿಂಹಾಸನ ತಮ್ಮ ಮನೆತನದ್ದು ಅಂತ ಬಂಡಾಯ ಎದ್ದ ರಾಜಕುಮಾರ ಚಾರ್ಲ್ಸ್ ಸ್ಟುವರ್ಟ್‌ನ ಪಡೆಗೆ ವೈದ್ಯನಾಗಿ ಹೋದ. 1746ರಲ್ಲಿ ಕಲೋಡನ್‌ನಲ್ಲಿ ಸೋತ ಮೇಲೆ ಸಿಕ್ಕಿಬಿದ್ದ. ಬಿಡಿಸಿದ್ದು ದೊಡ್ಡ ನ್ಯಾಯಾಧೀಶ ಡಂಕನ್ ಫೋರ್ಬ್ಸ್. ಇಬ್ಬರೂ ಲೀತ್ ಬಯಲಿನ ಗೆಳೆಯರು.

"ಅದಕ್ಕೇ ಹೇಳೋದು, ಆಟಕ್ಕೆ ಜೊತೆ ಸಿಕ್ಕೋರ ಹತ್ರ ಚೆನ್ನಾಗಿರಬೇಕು" ಎಂದ ಸೀನ, ನಾಣಿಯ ತಟ್ಟೆಯಿಂದ ಕೋಡುಬಳೆ ಎತ್ತಿಕೊಳ್ಳುತ್ತಾ.

"ನಮ್ಮ ಕಡೆಗೆ ಯಾವಾಗ ಬಂತು?"

"ಕಲ್ಕತ್ತೆಗೆ 1829ರಲ್ಲಿ. ಬ್ರಿಟಿಷ್ ದ್ವೀಪಗಳ ಆಚೆಗೆ ಮೊದಲ ಕ್ಲಬ್ಬು ಅದು. ಅದೂ ಆಗ ರಾಜಧಾನಿಯೇ, ನೋಡಿ. ಬೆಂಗಳೂರಿನ ಹೈಗ್ರೌಂಡ್ಸ್‌ಗೆ 1876ರಲ್ಲಿ."

"ಮತ್ತೆ ನಮ್ಮ—" ನಾಣಿ ಬಾಯಿ ತೆರೆಯುವಷ್ಟರಲ್ಲಿ ಹೊರಗೆ 'ಡಬಕ್' ಅಂತ ಸದ್ದು. ಚೆಂಡು ಮೋರಿಗೆ. ಒಬ್ಬ ಹುಡುಗ ಕಾಂಪೌಂಡ್ ಹತ್ತಿ, ನಾಣಿಯ ಮುಖ ನೋಡಿ, ಅಲ್ಲೇ ಹಲ್ಲಿಯ ಹಾಗೆ ಅಂಟಿಕೊಂಡ.

"ಇಳಿದು ಬಾರೋ, ತೊಗೊಂಡು ಹೋಗು" ಎಂದ ನಾಣಿ. "ಗೋಡೆಗೆ ಒರೆಸಬೇಡ."

ಆಮೇಲೆ ಫೋನ್ ತೆಗೆದು ನಂಬರ್ ಒತ್ತಿದ. ಆ ಕಡೆಯವನ ದನಿ ನಮಗೂ ಕೇಳುತ್ತಿತ್ತು.

"ನಾಳೆ ಬರೋದು ಬೇಡಪ್ಪ. ಮೋರಿ ಹಾಗೇ ಇರಲಿ."

"ಯಾಕೆ ಸಾರ್? ಸಿಮೆಂಟು ತಂದಾಯ್ತಲ್ಲ!"

"ಅದು ಅರಮನೆ ವಿಚಾರ, ನಿನಗೆ ಗೊತ್ತಾಗಲ್ಲ" ಎಂದು ಫೋನ್ ಇಟ್ಟ.