ಬಾಸ್ ಬಿದ್ದ ಕೂಡಲೇ ಕಾರಿನ ಆಂಪ್ಲಿಫೈಯರ್ ಬಂದ್ ಆಗ್ತಿದೆ, ಯಾಕೆ?

ಪ್ರಶ್ನೆ (ಧಾರವಾಡದಿಂದ):
ನಮಸ್ಕಾರ್ರಿ. ಹಳೆಯ ಕಾರಿನ ಡಿಕ್ಕಿಯಲ್ಲಿ ಆಂಪ್, ಒಂದು ಸಬ್‌ವೂಫರ್ ಹಾಕಿಸಿದ್ದೇನೆ. ಹುಬ್ಬಳ್ಳಿಗೆ ಹೊರಟರೆ ದಾರಿಯುದ್ದಕ್ಕೂ ಚೆನ್ನಾಗಿಯೇ ಹಾಡುತ್ತದೆ. ಉಣಕಲ್, ವಿದ್ಯಾನಗರದ ಸಿಗ್ನಲ್‌ನಲ್ಲಿ ನಿಂತು ವಾಲ್ಯೂಮ್ ಏರಿಸಿದರೆ ಮಾತ್ರ ಬಾಸ್ ಬಿದ್ದ ಕೂಡಲೇ ಬಂದ್. ಸ್ವಲ್ಪ ಹೊತ್ತಿಗೆ ತಾನೇ ಶುರುವಾಗುತ್ತದೆ. ಫ್ಯೂಸ್ ಹೋಗಿಲ್ಲ. ಅಂಗಡಿಯವರು ಕೆಪ್ಯಾಸಿಟರ್ (ಕರೆಂಟ್ ಕೂಡಿಟ್ಟು ಬಾಸ್ ಬಿದ್ದಾಗ ಕೊಡುವಂಥದ್ದು) ಹಾಕಿಸಿ ಅಂತಾರೆ. ಹಾಕಿಸಲಾ?

ಉತ್ತರ:
ಈಗಲೇ ದುಡ್ಡು ಬಿಚ್ಚಬೇಡ್ರಿ. ಬಂದ್ ಆದಾಗ ಆಂಪ್ ಮೇಲಿನ ಲೈಟ್ ಏನಾಗುತ್ತದೆ? ಕೆಂಪು ಪ್ರೊಟೆಕ್ಟ್ ಲೈಟ್ (ಆಂಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಂದ್ ಆದ ಗುರುತು) ಹತ್ತಿದರೆ ಹೆಚ್ಚಾಗಿ ಬಿಸಿ, ಸ್ಪೀಕರ್ ವೈರ್ ಶಾರ್ಟ್, ಇಲ್ಲವೇ ವೂಫರ್‌ನ ಓಮ್ (ಕರೆಂಟಿಗೆ ಒಡ್ಡುವ ತಡೆ) ಆಂಪ್ ತಡೆಯೋದಕ್ಕಿಂತ ಕಡಿಮೆ. ಲೈಟ್ ಪೂರ್ತಿ ಆರಿದರೆ ಆಂಪ್‌ಗೆ ಕರೆಂಟೇ ಸರಿಯಾಗಿ ಸಿಗ್ತಿಲ್ಲ.

ಪ್ರಶ್ನೆ ಕೇಳಿದವರು:
ಪೂರ್ತಿ ಆರುತ್ತದೆ ಸರ್. ಮುಟ್ಟಿದರೆ ಬೆಚ್ಚಗಿದೆ ಅಷ್ಟೇ.

ಉತ್ತರ:
ಸಿಗ್ನಲ್‌ನಲ್ಲಿ ಮಾತ್ರ ಆಗೋದು ಒಳ್ಳೆ ಸುಳಿವು. ಗಾಡಿ ನಿಂತು ಇಂಜಿನ್ ಐಡಲ್‌ನಲ್ಲಿದ್ದಾಗ (ನಿಧಾನ ಓಡುವಾಗ) ಆಲ್ಟರ್ನೇಟರ್, ಅಂದರೆ ಇಂಜಿನ್‌ನಿಂದ ತಿರುಗಿ ಕರೆಂಟ್ ಮಾಡುವ ಯಂತ್ರ, ಕೊಡೋದು ಕಡಿಮೆ, ಮೇಲೆ ಎಸಿ ಬೇರೆ ಓಡ್ತಿರುತ್ತದೆ. ಮಲ್ಟಿಮೀಟರನ್ನು ಆಂಪ್‌ನ ಟರ್ಮಿನಲ್ ಮೇಲೆಯೇ ಇಡಿ, ಬ್ಯಾಟರಿ ಹತ್ತಿರ ಅಲ್ಲ. ಇಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಹಾಡು ಹಾಕಿ ನೋಡಿದರೆ ಮೀಟರ್‌ಗೆ ಕುಸಿತ ಹಿಡಿಯಲು ಆಗಲ್ಲ, ಅದು ನಿಧಾನ. ಮೊಬೈಲ್‌ನಿಂದ 50 ಹರ್ಟ್ಸ್ ಟೋನ್ ಕೊಟ್ಟು ಸ್ವಲ್ಪ ಹೊತ್ತು ಬಿಡಿ. 11ರ ಕೆಳಗೆ ಇಳಿದರೆ ಕಳ್ಳ ಸಿಕ್ಕ ಹಾಗೆ.

ಆಮೇಲೆ ಅದೇ ಟೋನ್ ಹಾಡುತ್ತಿರುವಾಗ ಮೀಟರ್‌ನ ಒಂದು ಪ್ರೋಬ್ ಆಂಪ್‌ನ ಗ್ರೌಂಡ್‌ಗೆ (ಮೈನಸ್ ಟರ್ಮಿನಲ್‌ಗೆ), ಇನ್ನೊಂದನ್ನು ಉದ್ದ ವೈರ್ ಕಟ್ಟಿ ಬ್ಯಾಟರಿಯ ಮೈನಸ್‌ಗೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಸರಿ ಇಲ್ಲ. ಪ್ಲಸ್ ಕಡೆಗೂ ಹೀಗೇ ನೋಡಿ. ರಿಮೋಟ್ ವೈರ್‌ನಲ್ಲಿ (ಸ್ಟೀರಿಯೋದಿಂದ ಬಂದು ಆಂಪ್ ಚಾಲೂ ಮಾಡುವ ವೈರ್) 12ರ ಆಸುಪಾಸು ಬರ್ತಿದೆಯಾ ಅಂತಲೂ.

ಇನ್ನೊಬ್ಬರು:
ನನಗೂ ಗ್ರೌಂಡ್ ಮೇಲೆಯೇ ಅನುಮಾನ. ಗ್ರೌಂಡ್ ವೈರನ್ನು ಸೀಟಿನ ಬೋಲ್ಟಿಗೆ, ಕರೆಂಟ್ ಸರಿಯಾಗಿ ಹರಿಯಲು ಬಿಡದ ಬಣ್ಣದ ಮೇಲೆಯೇ ಬಿಗಿದು ಕೈ ತೊಳೆದುಕೊಳ್ಳುವವರು ಬಹಳ ಜನ.

ಪ್ರಶ್ನೆ ಕೇಳಿದವರು:
ಆಂಪ್ ಹತ್ತಿರ 10.9ಕ್ಕೆ ಇಳೀತು. ಗ್ರೌಂಡ್ ಕಡೆ 1.8, ಪ್ಲಸ್ ಕಡೆ 0.4. ರಿಮೋಟ್ ಸರಿ ಇದೆ. ಬೋಲ್ಟ್ ಬಿಚ್ಚಿ ನೋಡಿದೆ, ನಿಜವಾಗಿ ಬಣ್ಣದ ಮೇಲೆಯೇ ಕೂತಿದೆ!

ಉತ್ತರ:
ಸಿಕ್ತಲ್ಲ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ಬಣ್ಣ ಕೆರೆದು ಹೊಳೆಯುವ ತಗಡು ಕಾಣುವ ಹಾಗೆ ಮಾಡಿ, ವೈರ್ ತುದಿಗೆ ಲಗ್ (ಬೋಲ್ಟ್ ತೂರುವ ಲೋಹದ ಬಳೆ) ಹಾಕಿ ಗಟ್ಟಿ ಬಿಗಿಯಿರಿ, ಮೇಲೆ ಗ್ರೀಸ್ ಸವರಿ. ಮಳೆಗಾಲದಲ್ಲಿ ತುಕ್ಕು ಹಿಡಿಯಲ್ಲ. ಗ್ರೌಂಡ್ ವೈರ್ ಚಿಕ್ಕದಿರಲಿ, ಪ್ಲಸ್ ವೈರ್‌ನಷ್ಟೇ ದಪ್ಪ ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ವೈರ್ ಆದರೆ ಇನ್ನೊಂದು ಸೈಜ್ ದೊಡ್ಡದು ಬೇಕು.

ಪ್ರಶ್ನೆ ಕೇಳಿದವರು:
ಕೆರೆದು ಬಿಗಿದೆ. ಈಗ ಗ್ರೌಂಡ್ ಕಡೆ 0.2. ಐಡಲ್‌ನಲ್ಲೂ 12.6ರ ಕೆಳಗೆ ಹೋಗಲಿಲ್ಲ, ಬಂದ್ ಆಗಲಿಲ್ಲ. ಕೆಪ್ಯಾಸಿಟರ್ ಬೇಕಾ ಇನ್ನೂ?

ಉತ್ತರ:
ಏನೂ ಬೇಡ. ಒಂದು ನೋಡಿ, ಪ್ಲಸ್ ವೈರ್‌ಗೆ ಬ್ಯಾಟರಿ ಹತ್ತಿರವೇ, ಒಂದೂವರೆ ಅಡಿ ಒಳಗೆ, ಫ್ಯೂಸ್ ಇದೆಯಾ? ಆಂಪ್ ಮೈಮೇಲಿನ ಫ್ಯೂಸ್ ಲೆಕ್ಕಕ್ಕಿಲ್ಲ. ಬ್ಯಾಟರಿಯಿಂದ ಡಿಕ್ಕಿಗೆ ಬರುವ ನಡುವೆ ವೈರ್ ಉಜ್ಜಿ ಕಾರಿನ ತಗಡಿಗೆ ತಾಗಿದರೆ ಅದು ಏನೂ ಉಳಿಸಲ್ಲ, ಗಾಡಿಗೇ ಬೆಂಕಿ ಹತ್ತಬಹುದು. ಬಾನೆಟ್ ತೆಗೆದು ನೋಡಿ ಹೇಳ್ರಿ.